ಮಾಸ್ಕ್ ಹೊಲಿದ ಮನೆಗಳು: ಕಾಸರಗೋಡು, 2020

ಕಾಸರಗೋಡಿನ ಚರಿತ್ರೆ ಎಂದ ಕೂಡಲೇ ನಾವು 1956ರ ನವೆಂಬರ್ 1ಕ್ಕೆ ಹೋಗುತ್ತೇವೆ: ರಾಜ್ಯ ಪುನರ್ವಿಂಗಡಣೆ, ವಿಲೀನೀಕರಣದ ಹೋರಾಟ, ಕಯ್ಯಾರ ಕಿಞ್ಞಣ್ಣ ರೈ. ನಾನಿವತ್ತು ಹೇಳಹೊರಟದ್ದು ಅಷ್ಟು ದೊಡ್ಡ ವಿಷಯ ಅಲ್ಲ. 2020ರಲ್ಲಿ ಹೆಂಗಸರು ಮನೆಯಲ್ಲಿ ಹೊಲಿದು ಸುಮ್ಮನೆ ಹಂಚಿದ ಬಟ್ಟೆ ಮಾಸ್ಕ್. ಗಡಿ ಅಂದರೆ ಏನು ಎಂಬುದು ಅದರಲ್ಲೂ ಕಾಣುತ್ತದೆ ಎಂಬುದು ನನ್ನ ವಾದ.

ಮೊದಲು ಸಂದರ್ಭ. ಭಾರತದ ಮೂರನೆಯ ಕೊರೋನಾ ಪ್ರಕರಣ ದೃಢಪಟ್ಟದ್ದು ಕಾಸರಗೋಡು ಜಿಲ್ಲೆಯಲ್ಲಿ, ಫೆಬ್ರವರಿ 3ರಂದು. ಮಾರ್ಚ್ ಕೊನೆಗೆ ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ದೊಡ್ಡ ಕಾಯಿಲೆ ಎಂದರೆ ಮಂಗಳೂರಿಗೆ ಹೋಗಿಯೇ ರೂಢಿಯಾದವರು ತಲಪಾಡಿಯಿಂದ ಹಿಂದೆ ಬರಬೇಕಾಯಿತು. ಚಿಕಿತ್ಸೆ ಸಿಗದೆ ತೀರಿಕೊಂಡವರೂ ಇದ್ದಾರೆ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಸಲು ಆದೇಶ ಕೊಟ್ಟಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ಇದೆಲ್ಲ ಕಡತದಲ್ಲಿದೆ.

ಕಡತದಲ್ಲಿ ಇಲ್ಲದ್ದು ಹೊಲಿಗೆ. ಅಂಗಡಿಗಳಲ್ಲಿ ಮಾಸ್ಕ್ ಮುಗಿದಿತ್ತು. ಏಪ್ರಿಲ್ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಜನಸಾಮಾನ್ಯರು ಮನೆಯಲ್ಲೇ ಮಾಡಿದ ಬಟ್ಟೆಯ ಮಾಸ್ಕ್ ಹಾಕಬೇಕೆಂದು ಸಲಹೆ ಕೊಟ್ಟಿತು. ಕುಟುಂಬಶ್ರೀಯ ಹೊಲಿಗೆ ಘಟಕಗಳು ಮಾರ್ಚ್‌ನಲ್ಲೇ ಶುರು ಮಾಡಿದ್ದವು. ಅದು ಬೆಲೆ ಇರುವ ಕೆಲಸ, ಹಾಗಾಗಿ ಅದಕ್ಕೆ ಲೆಕ್ಕ ಉಂಟು. ದಾನಕ್ಕೆ ಹೊಲಿದದ್ದಕ್ಕೆ ಲೆಕ್ಕ ಯಾರು ಬರೆದಿಟ್ಟರು?

ನಮ್ಮ ಕಡೆ ನಾನು ಕಂಡದ್ದನ್ನು ಹೇಳುತ್ತೇನೆ. ಹಳೆ ಪಂಚೆ, ರವಿಕೆ ಹೊಲಿದು ಉಳಿದ ತುಂಡು. ಬಟ್ಟೆಯನ್ನು ಬೆಳಕಿಗೆ ಹಿಡಿದು, ಆಚೆ ಚೆನ್ನಾಗಿ ಕಂಡರೆ ಬದಿಗೆ ಹಾಕುವುದು. ಎರಡು ಪದರ, ಮೂರು ನೆರಿಗೆ. ನೆರಿಗೆಯ ಬಾಯಿ ಕೆಳಕ್ಕೆ. ಎಲಾಸ್ಟಿಕ್ ಸಿಗದಾಗ ಬಟ್ಟೆಯದ್ದೇ ಲಾಡಿ. ಅಳತೆ ಬಂದದ್ದು ಮಂಗಳೂರಿನ ಚಿಕ್ಕಮ್ಮನಿಂದ, ವಾಟ್ಸಪ್ಪಿನಲ್ಲಿ. ರಸ್ತೆ ಮುಚ್ಚಿದ್ದರೂ ಅಳತೆ ಗಡಿ ದಾಟಿತು. ಅಮ್ಮ 'ನೆರಿಗೆ' ಅಂದದ್ದನ್ನು ಪಕ್ಕದ ಮನೆಯ ಮಲಯಾಳಿ ಅಕ್ಕ 'ಞೊರಿ' ಅಂದರು, ಕೆಲಸ ನಿಲ್ಲಲಿಲ್ಲ. ಹೊಲಿದದ್ದು ಆಶಾ ಕಾರ್ಯಕರ್ತೆಯರ ಕೈಗೆ, ರೇಷನ್ ಅಂಗಡಿಗೆ, ಬಾಡಿಗೆ ಕೋಣೆಗಳಲ್ಲಿ ಸಿಕ್ಕಿಬಿದ್ದ ಹೊರರಾಜ್ಯದ ಕೆಲಸಗಾರರಿಗೆ ಹೋಯಿತು.

ಇದನ್ನು ಸೌಹಾರ್ದದ ಕತೆ ಮಾಡಿ ಮುಗಿಸಬಾರದು. ಮಾಸ್ಕು ಆಸ್ಪತ್ರೆಯ ಕೊರತೆ ತುಂಬಲಿಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. 2020ರ ಏಪ್ರಿಲ್‌ನಲ್ಲಿ ತರಾತುರಿಯಿಂದ ಅದರ ಕಟ್ಟಡವನ್ನು ಕೋವಿಡ್ ಆಸ್ಪತ್ರೆ ಮಾಡಬೇಕಾಯಿತು. ಎರಡು ಸರಕಾರಗಳ ನಡುವೆ ಬಿಟ್ಟುಹೋದ ಜಾಗದಲ್ಲಿ ಹೆಂಗಸರು ತಮ್ಮ ಬಟ್ಟೆ, ತಮ್ಮ ನೂಲು, ತಮ್ಮ ರಾತ್ರಿಗಳನ್ನು ಹಾಕಿದರು. ದಾನ ಎಂಬ ಮಾತು ಆ ಖರ್ಚನ್ನು ಮುಚ್ಚುತ್ತದೆ.

ಹೊಲಿದವರಿಗೂ ಅದು ಕೆಲಸ ಅನ್ನಿಸಿಲ್ಲ. "ಅದನ್ನೆಲ್ಲ ಎಂತ ಬರೆಯುವುದು? ಹೊಲಿದೆವು, ಕೊಟ್ಟೆವು, ಆಯಿತಲ್ಲ," ಎಂದರು ಅಮ್ಮ. ಚರಿತ್ರೆಯಿಂದ ಇಂಥದ್ದು ಜಾರಿಹೋಗುವುದು ಹೀಗೆಯೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸೊಲ್ಲಾಪುರ, ತಾಳವಾಡಿ, ಹೊಸೂರು, ಆದವಾನಿ ಕಡೆಯ ಗೆಳೆಯರು ನಿಮ್ಮ ಮನೆಯಲ್ಲಿ ಕೇಳಿ: ಬಟ್ಟೆ ಯಾರದು, ನೂಲಿಗೆ ದುಡ್ಡು ಯಾರು ಕೊಟ್ಟರು, ಮಾಸ್ಕ್ ಯಾರಿಗೆ ಹೋಯಿತು, ಯಾವ ಭಾಷೆಯಲ್ಲಿ ಮಾತಾಡಿ ಹೊಲಿದಿರಿ? ನೆನಪು ಹಸಿಯಾಗಿರುವಾಗಲೇ ಬರೆದುಕೊಳ್ಳೋಣ. ಉಳಿದದ್ದು ಚರ್ಚೆಗೆ ಬಿಟ್ಟದ್ದು.