ಪೇಡೆ ಉಳೀತು, ಬೆಂಚು ಹೋತು

ಧಾರವಾಡದಿಂದ ಬೆಂಗಳೂರಿಗೆ ವಾಪಸ್ ಬಂದವರ ಬ್ಯಾಗು ತೆಗೆಸಿ ನೋಡಿ, ಒಂದು ಪೇಡೆ ಡಬ್ಬಿ ಇದ್ದೇ ಇರುತ್ತೆ. ಆಫೀಸಿನಲ್ಲಿ ತೆರೆದ ಐದು ನಿಮಿಷಕ್ಕೆ ಖಾಲಿ. ಆಮೇಲೆ ಯಾರಾದರೂ ಕೇಳ್ತಾರೆ, "ನಿಮ್ಮೂರ ಕಡೆ ಇನ್ನೇನು ಫೇಮಸ್ಸು?" ಗಿರ್ಮಿಟ್, ಮಿರ್ಚಿ ಭಜಿ, ಜೋಳದ ರೊಟ್ಟಿ ಅಂತೀನಿ. ಅವೆಲ್ಲ ಇಲ್ಲೂ ಸಿಗ್ತವಲ್ಲ ಅಂತಾರೆ. ಸಿಗ್ತವೆ, ನಿಜ. ಹಂಗಾದ್ರೆ ಹುಬ್ಬಳ್ಳಿ-ಧಾರವಾಡದ ಹಳೇ ಅಂಗಡಿ, ಹಳೇ ಖಾನಾವಳಿ ನೆನೆಸಿಕೊಂಡು ನಮ್ಮ ಮಂದಿ ಇಷ್ಟು ಹಳಹಳಿಸೋದು ಯಾತಕ್ಕೆ?

ನನಗೆ ತಿಳಿದಂಗೆ ಲೆಕ್ಕ ಇಷ್ಟೇ. ಕಟ್ಟಿಸಿಕೊಂಡು ಹೋಗೋವಂಥದ್ದೆಲ್ಲ ಉಳಿದಿದೆ. ಕೂತು ತಿನ್ನೋ ಜಾಗ, ತಿಂದ ಮೇಲೂ ಒಂದು ತಾಸು ಕೂತಿರೋ ಜಾಗ, ರೊಕ್ಕ ಇಲ್ಲದಾಗಲೂ ಕೂರೋ ಜಾಗ ಹೋಗಿದೆ.

ಪೇಡೆಯನ್ನೇ ನೋಡಿ. ಉತ್ತರ ಪ್ರದೇಶದ ಉನ್ನಾವದಲ್ಲಿ ಪ್ಲೇಗು ಬಂದಾಗ ಊರು ಬಿಟ್ಟು ಧಾರವಾಡಕ್ಕೆ ಬಂದ ಠಾಕೂರ್ ಮನೆತನದ ಕಥೆ ಅದು. ರಾಮರತನ್ ಸಿಂಗ್ ಠಾಕೂರ್ ಶುರು ಮಾಡಿದ ಕಸುಬನ್ನು ಮೊಮ್ಮಗ ಬಾಬುಸಿಂಗ್ ಠಾಕೂರ್ ಲೈನ್ ಬಜಾರಿನ ಅಂಗಡಿಯಲ್ಲಿ ಬೆಳೆಸಿದರು. ನಮ್ಮ ಹಿರಿಯರು ಇವತ್ತಿಗೂ "ಲೈನ್ ಬಜಾರ್ ಪೇಡೆ" ಅಂತಲೇ ಅನ್ನೋದು. ಆಮೇಲೆ ಮಿಶ್ರಾ ಪೇಡೆ ಬಂತು, ಜಿಐ ಟ್ಯಾಗೂ ಬಂತು. ಹಾಲನ್ನು ಖೋವಾ ಮಾಡಿ, ಕಂದು ಬಣ್ಣ ಬರೋತನಕ ಹುರಿದು, ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಆ ಉಂಡೆ ಬಸ್ಸು, ರೈಲು ಹತ್ತಿ ದೂರದ ಊರು ಮುಟ್ಟಿದರೂ ಕೆಡೋದಿಲ್ಲ. ಪ್ರಯಾಣಕ್ಕಂತಲೇ ಹುಟ್ಟಿದ ತಿಂಡಿ. ಹಂಗಾಗಿ ಕಾಲ ಬದಲಾದರೂ ಅದಕ್ಕೆ ಏನೂ ಆಗಲಿಲ್ಲ.

ಉಳಿದ ಅಂಗಡಿಗಳ ಹಣೆಬರಹ ಬೇರೆ. ಅವು ಬದುಕಿದ್ದು ಕಾಯೋ ಮಂದಿಯ ಮೇಲೆ.

1956ರ ತನಕ ನಾವು ಮುಂಬೈ ಸೀಮೆಯವರು. ಬ್ರಿಟಿಷರ ಕಾಲದಲ್ಲಿ ಕಲೆಕ್ಟರ್ ಕಚೇರಿ, ಕೋರ್ಟು ಧಾರವಾಡಕ್ಕೆ ಬಂದವು. ಹುಬ್ಬಳ್ಳಿಗೆ ಹತ್ತಿ ವ್ಯಾಪಾರ ಇತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ, ಅದರ ದೊಡ್ಡ ವರ್ಕ್‌ಶಾಪು ಸೇರಿಕೊಂಡವು. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು, ಆಮೇಲೆ ವಿಶ್ವವಿದ್ಯಾಲಯ. 1957ರಲ್ಲಿ ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು. ಆಮೇಲೆ ಅದು ಕಿಮ್ಸ್ ಆಯ್ತು, ನಮ್ಮೂರಿನವರ ಬಾಯಲ್ಲಿ ಮಾತ್ರ ಕೆಎಂಸಿಯಾಗೇ ಉಳೀತು. 1962ರಲ್ಲಿ ಎರಡೂ ಊರು ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು (ಎರಡೂ ಊರಿನವರ ಪರಸ್ಪರ ಕೀಟಲೆ ಮಾತ್ರ ಇನ್ನೂ ನಿಂತಿಲ್ಲ). ಇಷ್ಟೆಲ್ಲ ಸಂಸ್ಥೆ ಅಂದರೆ ಸುತ್ತಲಿನ ಹಳ್ಳಿಯವರಿಗೆ ಇಷ್ಟು ಸರದಿ. ಕೋರ್ಟಿನ ತಾರೀಕಿಗೆ ಬಂದವರು, ದವಾಖಾನೆಯ ಪೇಷಂಟಿನ ಜೊತೆ ಬಂದವರು, ಮೀಟರ್ ಗೇಜ್ ರೈಲು ಕಾಯೋರು, ಅಪ್ಸರಾ, ಸುಧಾ, ಸುಜಾತಾ ಟಾಕೀಸಿನ ಮುಂದೆ ಮುಂದಿನ ಶೋ ಕಾಯೋರು. ಇವರೆಲ್ಲ ಎಲ್ಲಿ ಕೂರಬೇಕು? ಒಂದು ಚಾ ಹೇಳಿ ಹೋಟೆಲ್ ಬೆಂಚಿನ ಮೇಲೆ. ದುರ್ಗದಬೈಲು ಅಂತ ಹೆಸರೇ ಇದೆಯಲ್ಲ, ಕೋಟೆ ಮುಂದಿನ ಬಯಲು. ಅಲ್ಲಿ ಸಂಜೆ ಚುರಮರಿ, ಭಜಿ ತಿನ್ನೋಕೆ ನಿಂತವರಲ್ಲಿ ಅರ್ಧ ಮಂದಿ ಏನಕ್ಕೋ ಕಾಯ್ತಾ ಇದ್ದವರೇ.

ನಮ್ಮದು ನವಲಗುಂದ ತಾಲೂಕಿನ ಎರೆ ಹೊಲ. ಹತ್ತಿ, ಕಡಲಿ, ಮೆಣಸಿನಕಾಯಿ. ನಾನು ನೋಡಿದ ಮೊದಲ ಹುಬ್ಬಳ್ಳಿ ಅಂದರೆ ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿ. ಬಿಳಿ ಗಾದಿ, ಲೋಡು, ಮೂಲೆಯಲ್ಲಿ ಫೋನು. ಮಾಲು ಹೇರಿಕೊಂಡು ಬಂದ ರೈತರು ರಾತ್ರಿ ಅಲ್ಲೇ ಚೀಲದ ಮೇಲೆ ಮಲಗೋರು. ಊರಲ್ಲಿ ಫೋನಿಲ್ಲದ ನಮಗೆ ಪ್ಯಾಟಿಯ ವಿಳಾಸವೂ ಆ ಅಂಗಡಿಯೇ. ಬೀಜಕ್ಕೆ, ಗೊಬ್ಬರಕ್ಕೆ, ಮದುವೆಗೆ ಅಪ್ಪ ರೊಕ್ಕ ತರ್ತಿದ್ದದ್ದು ಅಲ್ಲಿಂದ. ನನ್ನ ಬಿಇ ಮೊದಲ ವರ್ಷದ ಫೀ ಬಂದದ್ದೂ ಅಲ್ಲಿಂದ. ದಲಾಲರು ದೇವರು ಅಂತ ಹೇಳ್ತಿಲ್ಲ. ಆ ಉದ್ರಿಗೆ ಬಡ್ಡಿ ಇತ್ತು, ಮಾಲು ಅವರ ಅಂಗಡಿಗೇ ಹಾಕಬೇಕು ಅನ್ನೋ ಕಟ್ಟೂ ಇತ್ತು. ಆದರೆ ಬ್ಯಾಂಕಿನವರು ಪೇಪರ್ ಕೇಳ್ತಿದ್ದ ಹೊತ್ತಿನಲ್ಲಿ ಅವರು ಅಪ್ಪನ ಮುಖ ನೋಡಿ ಕೊಡ್ತಿದ್ದರು. ಅದನ್ನ ಹೇಗೆ ಮರೀಲಿ?

ಇನ್ನು ಖಾನಾವಳಿ. ಪದ ಮರಾಠಿಯದು, ಮುಂಬೈ ಕಡೆಯಿಂದ ಬಂದದ್ದು. ಅಲ್ಲಿ ಗಿರಣಿ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕೋ ಮನೆಗಳಿಗೆ ಖಾಣಾವಳ ಅನ್ನೋರು, ನಡೆಸ್ತಿದ್ದವರಲ್ಲಿ ಹೆಂಗಸರೇ ಬಹಳ. ನಮ್ಮಲ್ಲಿ ಅದು ವಿದ್ಯಾರ್ಥಿಗಳ, ಗುಮಾಸ್ತರ, ರೈಲ್ವೆಯವರ ಊಟದ ಮನೆ ಆಯ್ತು. ಹೋಟೆಲಿಗೂ ಖಾನಾವಳಿಗೂ ಇರೋ ಫರಕು ಬೆಂಗಳೂರಿನ ಗೆಳೆಯರಿಗೆ ತಿಳಿಸೋದು ಕಷ್ಟ. ಹೋಟೆಲಿನಲ್ಲಿ ನೀವು ಗಿರಾಕಿ. ಖಾನಾವಳಿಯಲ್ಲಿ ನಿಮ್ಮ ಹೆಸರಿನದೊಂದು ಪುಟ ಇರುತ್ತೆ, ಒಂದು ಹೊತ್ತು ಉಂಡರೆ ಒಂದು ಗೀಟು. ಊರಿಗೆ ಹೋದ ದಿನ ಗೀಟಿಲ್ಲ. ತಿಂಗಳ ಕೊನೆಗೆ ಗೀಟು ಎಣಿಸಿ ರೊಕ್ಕ.

ನಾನು ಉಂಡ ಖಾನಾವಳಿ ಧಾರವಾಡದ್ದು, ಹುಬ್ಬಳ್ಳಿಯದಲ್ಲ. ಕಾಲೇಜು ಒಂದು ಊರು, ಅಗ್ಗದ ಖೋಲಿ ಇನ್ನೊಂದು ಊರು ಆಗಿತ್ತು. ಹೆಂಚಿನ ಮನೆಯ ಪಡಸಾಲೆ, ಎರಡು ಉದ್ದ ಬೆಂಚು, ಒಳಗೆ ರೊಟ್ಟಿ ಬಡಿಯೋ ಸಪ್ಪಳ. ಬಿಸಿ ರೊಟ್ಟಿ, ಕಾಳಿನ ಪಲ್ಯ, ವಾರಕ್ಕೆರಡು ಸಲ ಬದನಿಕಾಯಿ ಎಣಗಾಯಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು, ಕೊನೆಗೆ ಅನ್ನ ಸಾರು. ನಡೆಸ್ತಿದ್ದ ಅಕ್ಕಾರು ಮಾತು ಕಮ್ಮಿ. ಹತ್ತಿ ರೇಟು ಬಿದ್ದ ವರ್ಷ ಎರಡು ತಿಂಗಳು ನನ್ನ ಲೆಕ್ಕ ಚುಕ್ತಾ ಆಗಲಿಲ್ಲ. ನಾಚಿಕೆಯಾಗಿ ರಾತ್ರಿ ಊಟ ಬಿಟ್ಟು ಚುರಮರಿ ತಿಂದು ಮಲಗ್ತಿದ್ದೆ. ಮೂರನೇ ದಿನ ನನ್ನ ಖೋಲಿಯ ಹುಡುಗನ ಕೈಯಲ್ಲಿ ಹೇಳಿ ಕಳಿಸಿದರು: "ರೊಕ್ಕ ಬಂದಾಗ ಕೊಡಾಕ ಹೇಳು. ಊಟ ಬಿಟ್ರ ಗೀಟು ಹೊಡಿಯೂದು ಹ್ಯಾಂಗ?" ಅವತ್ತು ರಾತ್ರಿ ಹೋದೆ. ಅವರು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅದೂ ಕೈಗೆಟುಕದವರಿಗೆ ಬುತ್ತಿ ಇತ್ತು. ಬೆಳಗಿನ ಬಸ್ಸಿಗೆ ಊರಲ್ಲಿ ಅವ್ವ ಬಟ್ಟೆಗಂಟು ಹಾಕಿ ಕಳಿಸೋದು, ಹುಡುಗ ಬಸ್ ಸ್ಟ್ಯಾಂಡಿಗೆ ಬಂದು ಗಂಟು ಇಳಿಸಿಕೊಳ್ಳೋದು, ನಿನ್ನೆಯ ಖಾಲಿ ಡಬ್ಬಿ ಅದೇ ಬಸ್ಸಿಗೆ ವಾಪಸ್. ಅದಕ್ಕೂ ಹಿಂದಿನ ತಲೆಮಾರಿಗೆ ವಾರಾನ್ನ, ಮುರುಘಾಮಠದ ಪ್ರಸಾದ ನಿಲಯ. ಧಾರವಾಡ ವಿದ್ಯಾಕಾಶಿ ಅಂತ ಎಲ್ಲರೂ ಹೇಳ್ತಾರೆ. ಆ ವಿದ್ಯೆಯ ಹಿಂದೆ ಇಷ್ಟೊಂದು ರೊಟ್ಟಿ ಇದೆ ಅಂತ ಯಾರೂ ಲೆಕ್ಕ ಬರೆದಿಲ್ಲ.

ಹಳೇದೆಲ್ಲ ಬಂಗಾರ ಅನ್ನೋ ಪೈಕಿ ನಾನಲ್ಲ. ಆ ಬೋರ್ಡುಗಳನ್ನ ನೆನಪು ಮಾಡಿಕೊಳ್ಳಿ: ಲಿಂಗಾಯತ ಖಾನಾವಳಿ, ಬ್ರಾಹ್ಮಣರ ಖಾನಾವಳಿ. ಮಾಂಸದೂಟಕ್ಕೆ ಸಾವಜಿ, ಅದು ಎಸ್‌ಎಸ್‌ಕೆ ಸಮಾಜದವರ ಕೈರುಚಿ; ಖಾರ ಅಂದರೆ ಏನು ಅಂತ ಅಲ್ಲಿ ಹೋಗಿಯೇ ತಿಳೀಬೇಕು. ಬೋರ್ಡು ಅಡುಗೆಯ ಗುರುತೂ ಹೌದು, ಯಾರು ಒಳಗೆ ಕೂರಬಹುದು ಅನ್ನೋದರ ಗುರುತೂ ಹೌದು. ನನಗೆ ಸಿಕ್ಕ ಉದ್ರಿ ನನ್ನ ಜೊತೆ ಓದಿದ ಎಲ್ಲರಿಗೂ ಸಿಗ್ತಿರಲಿಲ್ಲ. ಹಳ್ಳಿಯಲ್ಲಿ ನನ್ನ ಮಗ್ಗುಲಿಗೇ ಕೂತು ಕಲಿತವನೊಬ್ಬ ಧಾರವಾಡದಲ್ಲಿ ಸರಕಾರಿ ಹಾಸ್ಟೆಲಿನ ಊಟ ಬಿಟ್ಟು ಹೊರಗೆ ಉಂಡಿದ್ದು ನಾನು ನೋಡಿಲ್ಲ. ಮುಖ ನೋಡಿ ಕೊಡೋ ವ್ಯವಸ್ಥೆಯಲ್ಲಿ ಯಾರ ಮುಖ ಅನ್ನೋ ಪ್ರಶ್ನೆ ಇದ್ದೇ ಇರುತ್ತೆ. ಕ್ಯೂಆರ್ ಕೋಡು ಆ ಪ್ರಶ್ನೆ ಕೇಳೋದಿಲ್ಲ, ಅದಕ್ಕೆ ಮಾರ್ಕ್ಸ್ ಕೊಡಲೇಬೇಕು.

ಕೂತಿದ್ದರಿಂದ ಹೊಟ್ಟೆ ತುಂಬಿದ್ದಷ್ಟೇ ಅಲ್ಲ. ಪಕ್ಕದ ಗದಗಿನಲ್ಲಿ ಹುಡುಗ ಭೀಮಸೇನ ಜೋಶಿಗೆ ಹಾಡಿನ ಹುಚ್ಚು ಹತ್ತಿದ್ದು ಅಂಗಡಿಯೊಂದರಲ್ಲಿ ಹಚ್ಚಿದ್ದ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ ಅನ್ನೋದು ಎಲ್ಲರಿಗೂ ಗೊತ್ತಿರೋ ಕಥೆ. ಧಾರವಾಡದ ಸುಭಾಸ ರಸ್ತೆಯ ಅಟ್ಟವೂ ಹಾಗೇ. 1933ರಲ್ಲಿ ಜಿ.ಬಿ. ಜೋಶಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಪುಸ್ತಕದ ವ್ಯಾಪಾರವೇ. ಆದರೆ ಮೆಟ್ಟಿಲು ಹತ್ತಿ ಹೋದವರು ಪುಸ್ತಕ ಕೊಂಡರೋ ಬಿಟ್ಟರೋ, ಕೂತು ಹರಟೆ ಹೊಡೆದರು. ಬೇಂದ್ರೆ, ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡ ಕೂತ ಜಾಗ ಅದು. 1961ರ 'ಯಯಾತಿ', 1965ರ 'ಸಂಸ್ಕಾರ' ಪುಸ್ತಕವಾಗಿ ಹೊರಬಿದ್ದದ್ದು ಅಲ್ಲಿಂದ. ಆ ಹರಟೆಯನ್ನ ಡಬ್ಬಿಗೆ ಹಾಕಿ ಪಾರ್ಸೆಲ್ ಮಾಡೋಕೆ ಬರ್ತಿರಲಿಲ್ಲ.

ಕಾಯೋದು ಕಡಿಮೆಯಾದದ್ದು ನಮ್ಮ ಕಣ್ಣೆದುರೇ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಕೈಗೆ ಮೊಬೈಲ್ ಬಂತು, ದಲಾಲಿ ಅಂಗಡಿಯ ಫೋನಿನ ಮುಂದೆ ಕೂರೋ ಕೆಲಸ ತಪ್ಪಿತು. ಸಿನಿಮಾ ಟಿಕೆಟ್ ಫೋನಿನೊಳಗೇ ಸಿಕ್ತು. ಬಿಆರ್‌ಟಿಎಸ್‌ಗೆ ಅಂತ ಎರಡೂ ಊರಿನ ನಡುವಿನ ಪಿ.ಬಿ. ರೋಡು ಅಗಲವಾಯ್ತು, ಮರಗಳ ಜೊತೆ ಅದರ ಬದಿಯ ಎಷ್ಟೋ ಚಾದಂಗಡಿ, ಪಾನಪಟ್ಟಿ, ಪಂಕ್ಚರ್ ಅಂಗಡಿ ಹೋದವು. 2018ರಲ್ಲಿ ಚಿಗರಿ ಬಸ್ಸು ಓಡೋಕೆ ಶುರುವಾದವು. ಎಸಿ ಬಸ್ಸು, ಸುಮಾರು 22 ಕಿಲೋಮೀಟರ್ ದಾರಿ, ನಿಲ್ದಾಣದಲ್ಲಿ ತಾನೇ ತೆರೆಯೋ ಬಾಗಿಲು. ನಾನೂ ಅದರಲ್ಲೇ ಓಡಾಡೋದು, ಖುಷಿಯಿಂದ. ನನ್ನ ಕೆಲಸವೇ ಅದಲ್ಲವೇ, ಬಳಕೆದಾರ ಕಾಯೋ ಸೆಕೆಂಡು ಕಡಿಮೆ ಮಾಡೋದು! ಡ್ಯಾಶ್‌ಬೋರ್ಡಿನಲ್ಲಿ ಕಾಯೋದು ಅಂದರೆ ಬರೀ ನಷ್ಟದ ಬಾಬ್ತು. ಆ ನಷ್ಟದ ಮೇಲೆ ಒಂದು ಬೆಂಚು, ಒಂದು ಒಲೆ, ಒಂದು ಸಂಸಾರ ನಡೀತಿತ್ತು ಅನ್ನೋದಕ್ಕೆ ಅಲ್ಲಿ ಕಾಲಂ ಇಲ್ಲ.

ಅಕ್ಕಾರ ಖಾನಾವಳಿ ಇದ್ದಲ್ಲಿ ಈಗ ಮೂರಂತಸ್ತಿನ ಪಿಜಿ. ಹೋದ ದೀಪಾವಳಿಗೆ ಸಪ್ತಾಪುರದ ಕಡೆ ಹೋಗಿದ್ದೆ. ಕೆಎಎಸ್ಸು, ಪಿಎಸ್‌ಐ ಪರೀಕ್ಷೆಗೆ ಓದೋ ಹುಡುಗ ಹುಡುಗಿಯರು ತುಂಬಿಹೋಗಿದ್ದಾರೆ, ಹಂಗಾಗಿ ಖಾನಾವಳಿಗಳಿಗೂ ಬರ ಇಲ್ಲ. ಒಂದರಲ್ಲಿ ಉಂಡೆ. ರೊಟ್ಟಿ ಚೆನ್ನಾಗಿತ್ತು, ಎಣಗಾಯಿ ಇನ್ನೂ ಚೆನ್ನಾಗಿತ್ತು. ಗಲ್ಲಾದ ಮೇಲೆ ಪ್ಯಾಕೆಟ್ಟಿನಲ್ಲಿ ಕಡಕ್ ರೊಟ್ಟಿ ಮಾರಾಟಕ್ಕಿತ್ತು, ನಾನೂ ಎರಡು ಪ್ಯಾಕೆಟ್ ತಗೊಂಡೆ. ಗಲ್ಲಾದಲ್ಲಿದ್ದವರು ನನ್ನ ವಯಸ್ಸಿನವರೇ. ತಿಂಗಳ ಖಾತೆ ಹಚ್ಚುತ್ತೀರಾ ಅಂತ ಕೇಳಿದೆ.

"ಇಲ್ರಿ ಸರ. ಹುಡುಗ್ರು ಮೂರು ತಿಂಗಳಿಗೊಮ್ಮೆ ರೂಮ್ ಬದಲಿ ಮಾಡ್ತಾರ. ಊರು ಯಾವುದು, ಅಪ್ಪ ಯಾರು ಅಂತ ನಮಗೂ ಗೊತ್ತಿರೂದಿಲ್ಲ. ಎಲ್ಲಿ ಅಂತ ಹುಡುಕೂದ್ರಿ?" ಅಂದರು.

ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ತಾಟು ಖಾಲಿಯಾಗಿತ್ತು, ನನ್ನ ಕುರ್ಚಿಯ ಹಿಂದೆ ಇನ್ನೊಬ್ಬ ಹುಡುಗ ನಿಂತಿದ್ದ. ಎದ್ದೆ.