ಕಟ್ಟಡದೊಳಗಣ ದಾರಿ: ಅಂಧರ ಸಂಚಾರಸಾಧನಗಳ ಚರಿತ್ರೆಯ ಒಂದು ವಿವೇಚನೆ

ದಾರಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಬೀದಿ, ಹೆದ್ದಾರಿ, ಕಾಡುಹಾದಿಗಳು. ಕಟ್ಟಡದ ಒಳಗೂ ದಾರಿಯಿದೆ, ಅದನ್ನು ಕಂಡುಕೊಳ್ಳುವುದೂ ಒಂದು ವಿದ್ಯೆ ಎಂಬುದು ಕಣ್ಣುಳ್ಳವರಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ರೈಲು ನಿಲ್ದಾಣದ ಮೇಲ್ಸೇತುವೆ, ಆಸ್ಪತ್ರೆಯ ಉದ್ದನೆಯ ಪಡಸಾಲೆ, ನ್ಯಾಯಾಲಯದ ಸಾಲುಕೊಠಡಿ ಇವೆಲ್ಲವೂ ಗೋಡೆಯ ಮೇಲಿನ ಫಲಕಗಳನ್ನು ಓದಬಲ್ಲವರಿಗಾಗಿ ರಚಿತವಾದುವು. ಬೀದಿಯಲ್ಲಿ ನಡೆಯುವ ಅಂಧನಿಗೆ ಗಾಳಿ, ಬಿಸಿಲು, ವಾಹನಗಳ ಸದ್ದು ಮುಂತಾದ ಕುರುಹುಗಳಾದರೂ ಉಂಟು. ಸೂರಿನ ಕೆಳಗೆ ಅವುಗಳಲ್ಲಿ ಬಹುಪಾಲು ಇಲ್ಲವಾಗುತ್ತವೆ. ಈ ಕೊರತೆಯನ್ನು ನೀಗುವುದಕ್ಕಾಗಿ ಕಳೆದ ಎಂಬತ್ತು ವರ್ಷಗಳಲ್ಲಿ ನಡೆದ ಪ್ರಯತ್ನಗಳನ್ನು ಪರಿಶೀಲಿಸಿ, ಅವುಗಳಲ್ಲಿ ಕೆಲವು ಊರಿ ನಿಂತು ಕೆಲವು ಹರಡದೆ ಹೋದುದಕ್ಕೆ ಕಾರಣವೇನೆಂದು ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ಸಾಧನಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ದಾರಿಯ ತಿಳಿವನ್ನು ಸಂಚಾರಿಯ ಮೈಯಲ್ಲಿ ಅಥವಾ ಕೈಯಲ್ಲಿ ಇರಿಸುವಂಥವು ಒಂದು ವರ್ಗ. ಆ ತಿಳಿವನ್ನು ಕಟ್ಟಡದಲ್ಲಿಯೇ ಇರಿಸುವಂಥವು ಇನ್ನೊಂದು. ಮೊದಲನೆಯದರಲ್ಲಿ ಹೊಣೆ ಅಂಧನದು; ಎರಡನೆಯದರಲ್ಲಿ ಕಟ್ಟಡದ ಒಡೆಯನದು. ಈ ಭೇದವನ್ನು ಲಕ್ಷ್ಯದಲ್ಲಿಟ್ಟುಕೊಂಡರೆ ಈ ಚರಿತ್ರೆಯ ಗತಿ ಸ್ಪಷ್ಟವಾಗುತ್ತದೆ.

೧. ಮೈಯಲ್ಲಿರುವ ವಿದ್ಯೆ

ಎದುರಿನ ಗೋಡೆಯನ್ನು ಮುಟ್ಟುವುದಕ್ಕೆ ಮೊದಲೇ ಅಂಧರಲ್ಲಿ ಹಲವರು ಅದನ್ನು ಅರಿಯುತ್ತಾರೆ. ಮುಖದ ಚರ್ಮವೇ ಅದನ್ನು ಗ್ರಹಿಸುತ್ತದೆಂಬ ನಂಬಿಕೆ ಹಿಂದೆ ಬಲವಾಗಿದ್ದು, ಆ ಶಕ್ತಿಗೆ ‘ಮುಖದೃಷ್ಟಿ’ ಎಂಬ ಹೆಸರೂ ಬಂದಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಕಾರ್ಲ್ ಡಾಲೆನ್‌ಬಾಕ್, ಮಿಲ್ಟನ್ ಕಾಟ್ಜಿನ್ ಹಾಗೂ ಸ್ವತಃ ಅಂಧನಾಗಿದ್ದ ಮೈಕೇಲ್ ಸೂಪಾ ಇವರು ೧೯೪೪ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಪ್ರಶ್ನೆಯನ್ನು ಬಗೆಹರಿಸಿದುವು. ಮುಖಕ್ಕೆ ದಪ್ಪ ಮುಸುಕು ಹೊದಿಸಿದಾಗಲೂ ನಡೆಯುವವರು ಅಡ್ಡಿಯನ್ನು ಅರಿತರು. ಕಿವಿಗಳನ್ನು ಮುಚ್ಚಿದಾಗ ಮಾತ್ರ ಅದಕ್ಕೆ ಹೋಗಿ ತಾಗಿದರು. ಆದ್ದರಿಂದ ಅದು ಚರ್ಮದ ಗುಣವಲ್ಲ, ತಮ್ಮ ಹೆಜ್ಜೆಯ ಸದ್ದು ಗೋಡೆಗೆ ತಾಗಿ ಮರಳುವುದನ್ನು ಕಿವಿ ಗ್ರಹಿಸುವ ಗುಣವೆಂದು ಸಿದ್ಧವಾಯಿತು.

ಅದೇ ಕಾಲದಲ್ಲಿ, ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಪೆನ್ಸಿಲ್ವೇನಿಯದ ವ್ಯಾಲಿ ಫೋರ್ಜ್ ಸೇನಾ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ಹೊಸ ಕೋಲಿನ ವಿದ್ಯೆಯೊಂದನ್ನು ರೂಪಿಸಿದನು. ಊರುಗೋಲಿಗಿಂತ ಉದ್ದವಾದ, ಹಗುರವಾದ ಕೋಲನ್ನು ಎಡಕ್ಕೂ ಬಲಕ್ಕೂ ಲಯಬದ್ಧವಾಗಿ ಬೀಸುತ್ತ, ಮುಂದಿನ ಹೆಜ್ಜೆ ಬೀಳುವ ನೆಲವನ್ನು ಮೊದಲೇ ಪರೀಕ್ಷಿಸುವುದು ಅದರ ತತ್ತ್ವ. ಇಂದಿಗೂ ಜಗತ್ತಿನಾದ್ಯಂತ ಕಲಿಸುವುದು ಮೂಲತಃ ಇದೇ ಕ್ರಮವನ್ನು. ಆದರೆ ಕಿವಿ ಗೋಡೆಯಿದೆಯೆಂದು ಹೇಳೀತು, ಕೋಲು ಮೆಟ್ಟಿಲಿದೆಯೆಂದು ಹೇಳೀತು. ಈ ಬಾಗಿಲು ಯಾವ ಕೊಠಡಿಯದೆಂದು ಎರಡೂ ಹೇಳಲಾರವು. ಅದನ್ನು ಹೇಳಬೇಕಾದುದು ಕಟ್ಟಡವೇ.

೨. ನೆಲದ ಲಿಪಿ

ಈ ದಿಕ್ಕಿನಲ್ಲಿ ಮೊದಲ ದೊಡ್ಡ ಹೆಜ್ಜೆಯನ್ನು ಇಟ್ಟವನು ಜಪಾನಿನ ಸೆಯಿಚಿ ಮಿಯಾಕೆ. ದೃಷ್ಟಿ ಕುಂದುತ್ತಿದ್ದ ಸ್ನೇಹಿತನೊಬ್ಬನ ಕಷ್ಟವನ್ನು ಕಂಡು ಅವನು ೧೯೬೫ರಲ್ಲಿ ಉಬ್ಬುಚುಕ್ಕೆಗಳುಳ್ಳ ನೆಲಹಾಸಿನ ಚಪ್ಪಡಿಯನ್ನು ನಿರ್ಮಿಸಿದನು. ೧೯೬೭ನೆಯ ಮಾರ್ಚ್ ೧೮ರಂದು ಒಕಾಯಾಮಾ ನಗರದ ಅಂಧರ ಶಾಲೆಯ ಬಳಿಯ ರಸ್ತೆದಾಟಿನಲ್ಲಿ ಇಂಥ ಚಪ್ಪಡಿಗಳನ್ನು ಮೊದಲು ಹಾಸಲಾಯಿತು. ೧೯೭೦ರಲ್ಲಿ ಅವು ಒಸಾಕಾದ ಅಬಿಕೊಚೋ ನಿಲ್ದಾಣದ ರೈಲು ಜಗಲಿಗೆ ಬಂದುವು. ರಸ್ತೆಗಾಗಿ ಹುಟ್ಟಿದ ಸಾಧನವು ಹೀಗೆ ನಿಲ್ದಾಣಗಳನ್ನು ಹೊಕ್ಕು, ಕ್ರಮೇಣ ಸಾರ್ವಜನಿಕ ಕಟ್ಟಡಗಳ ಒಳಕ್ಕೂ ನಡೆಯಿತು. ಚುಕ್ಕೆ ಎಂದರೆ ‘ನಿಲ್ಲು’, ಉದ್ದಗೆರೆ ಎಂದರೆ ‘ಮುಂದೆ ನಡೆ’. ಈ ಲಿಪಿಯ ಶಬ್ದಸಂಪತ್ತು ಇಷ್ಟೇ. ಅದನ್ನು ಓದಲು ಅಂಗಾಲು ಅಥವಾ ಕೋಲಿನ ತುದಿ ಸಾಕು; ವಿದ್ಯುತ್ತು ಬೇಡ, ಯಂತ್ರ ಬೇಡ. ಗಾಲಿಕುರ್ಚಿಯವರಿಗೂ ವೃದ್ಧರಿಗೂ ಈ ಉಬ್ಬುಗಳು ತೊಡಕಾಗುವುದುಂಟು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಒಬ್ಬರ ದಾರಿ ಇನ್ನೊಬ್ಬರ ಅಡ್ಡಿಯಾಗದಂತೆ ನೋಡುವುದು ಈ ಶಾಸ್ತ್ರದ ನಿತ್ಯದ ಸಮಸ್ಯೆ.

ಸಾಧನವು ದೊರೆತ ಮೇಲೆ ಅದನ್ನು ಅಳವಡಿಸದಿರುವುದು ತಪ್ಪೇ? ಈ ಪ್ರಶ್ನೆ ಬಹುಬೇಗ ನ್ಯಾಯಾಲಯವನ್ನು ಮುಟ್ಟಿತು. ೧೯೭೩ರಲ್ಲಿ ಒಸಾಕಾದ ಫುಕುಶಿಮಾ ನಿಲ್ದಾಣದಲ್ಲಿ ಅಂಧನೊಬ್ಬನು ಜಗಲಿಯಿಂದ ಹಳಿಗೆ ಬಿದ್ದು ತೀವ್ರವಾಗಿ ಗಾಯಗೊಂಡನು, ಅಲ್ಲಿ ಉಬ್ಬುಚಪ್ಪಡಿಗಳಿರಲಿಲ್ಲ. ಉಚ್ಚ ನ್ಯಾಯಾಲಯವು ರೈಲ್ವೆಯನ್ನು ಹೊಣೆ ಮಾಡಿತು. ಆದರೆ ೧೯೮೬ನೆಯ ಮಾರ್ಚ್ ೨೫ರಂದು ಜಪಾನಿನ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತೆಗೆದುಹಾಕಿ ಮರುವಿಚಾರಣೆಗೆ ಕಳುಹಿಸಿತು. ಹೊಸ ಸುರಕ್ಷಾಸಾಧನವೊಂದು ಇಲ್ಲದಿರುವುದು ದೋಷವೆನ್ನಬೇಕಾದರೆ, ಆಗ ಅದು ಎಷ್ಟರಮಟ್ಟಿಗೆ ಬಳಕೆಯಲ್ಲಿತ್ತು, ಅಪಾಯ ಎಷ್ಟಿತ್ತು, ಅಳವಡಿಸುವುದು ಎಷ್ಟು ಕಷ್ಟವಾಗಿತ್ತು ಎಂಬುದನ್ನೆಲ್ಲ ತೂಗಬೇಕೆಂಬುದು ಅದರ ಅಭಿಪ್ರಾಯ.

ಈ ವಾದವು ತರ್ಕಬದ್ಧವಾದುದೇ. ಆದರೆ ಇದರಲ್ಲಿ ಒಂದು ವಿಷಮವೃತ್ತವಿದೆ. ಎಲ್ಲರೂ ಅಳವಡಿಸುವವರೆಗೆ ಅಳವಡಿಸದಿರುವುದು ದೋಷವಾಗಲಾರದು. ಅದು ದೋಷವಾಗದಿರುವವರೆಗೆ ಎಲ್ಲರೂ ಅಳವಡಿಸಲಾರರು. ಈ ವೃತ್ತವನ್ನು ಮುರಿಯಬಲ್ಲುದು ಶಾಸನವೊಂದೇ. ಜಪಾನಿನಲ್ಲಿ ೨೦೦೦ದಲ್ಲಿ ಸಾರಿಗೆಯನ್ನು ಅಡೆತಡೆಯಿಲ್ಲದಂತೆ ಮಾಡುವ ಕಾಯಿದೆಯೂ, ೨೦೦೧ರಲ್ಲಿ ಚಪ್ಪಡಿಯ ಆಕಾರವನ್ನು ನಿಗದಿಗೊಳಿಸುವ ರಾಷ್ಟ್ರೀಯ ಮಾನಕವೂ ಬಂದುವು. ೨೦೧೨ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಸಿದ್ಧವಾಯಿತು.

೩. ಮಾತನಾಡುವ ಗೋಡೆ

ನೆಲವು ದಿಕ್ಕನ್ನು ತೋರಿಸಬಲ್ಲುದಲ್ಲದೆ ಹೆಸರನ್ನು ಹೇಳಲಾರದು. ಈ ಕೊರತೆಯನ್ನು ತುಂಬಲು ಸ್ಯಾನ್ ಫ್ರಾನ್ಸಿಸ್ಕೋದ ಸ್ಮಿತ್-ಕೆಟಲ್‌ವೆಲ್ ನೇತ್ರಸಂಶೋಧನ ಸಂಸ್ಥೆಯು ೧೯೭೯ರಲ್ಲಿ ‘ಟಾಕಿಂಗ್ ಸೈನ್ಸ್’ ಎಂಬ ಮಾತನಾಡುವ ಫಲಕಗಳನ್ನು ರೂಪಿಸಿತು. ಬಾಗಿಲ ಮೇಲಿನ ಸಣ್ಣ ಪ್ರೇಷಕವು ಅವಗೆಂಪು ಕಿರಣದ ಮೂಲಕ ಆ ಸ್ಥಳದ ಹೆಸರನ್ನು ಸಾರುತ್ತಿತ್ತು. ಅಂಧನ ಕೈಯಲ್ಲಿದ್ದ ಗ್ರಾಹಕವು ಅದನ್ನು ಧ್ವನಿಯಾಗಿಸುತ್ತಿತ್ತು. ಅವಗೆಂಪು ಕಿರಣವು ನೇರವಾಗಿ ಚಲಿಸುವುದರಿಂದ ಗ್ರಾಹಕವು ಬಾಗಿಲಿಗೆ ನೇರವಾಗಿದ್ದಾಗ ಧ್ವನಿ ಸ್ಪಷ್ಟವಾಗುತ್ತಿತ್ತು. ಹೀಗೆ ಸ್ಥಳದ ಹೆಸರೂ ದಿಕ್ಕೂ ಒಟ್ಟಿಗೆ ತಿಳಿಯುತ್ತಿದ್ದುವು. ಕಲ್ಪನೆ ಸೊಗಸಾದುದು; ಆದರೂ ಅದು ಉಬ್ಬುಚಪ್ಪಡಿಯಂತೆ ಜಗತ್ತಿನಲ್ಲಿ ಹರಡಲಿಲ್ಲ. ಗ್ರಾಹಕವಿಲ್ಲದವನಿಗೆ ಫಲಕವು ಮೂಕ. ಫಲಕಗಳಿಲ್ಲದ ಊರಿನಲ್ಲಿ ಗ್ರಾಹಕವು ನಿರರ್ಥಕ. ಎರಡು ಕಡೆಯ ವೆಚ್ಚವನ್ನೂ ಒಟ್ಟಿಗೆ ಹೊರುವವರು ಬೇಕಾಗಿತ್ತು.

ಉಪಗ್ರಹಗಳು ಈ ತೊಡಕನ್ನು ನಿವಾರಿಸುವುವೆಂಬ ಆಶೆ ಮುಂದೆ ಮೂಡಿತು. ಉಪಗ್ರಹ ಸಂಕೇತಗಳ ಮೇಲೆ ತಾನೇ ಹೇರಿದ್ದ ಅಸ್ಪಷ್ಟತೆಯನ್ನು ಅಮೆರಿಕ ಸರ್ಕಾರವು ೨೦೦೦ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆ ಬೀದಿಯ ಸಂಚಾರವು ಬಹಳ ಸುಗಮವಾಯಿತು. ಆದರೆ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಿಂದ ಬರುವ ಆ ಕ್ಷೀಣ ಸಂಕೇತವು ಕಾಂಕ್ರೀಟಿನ ಸೂರನ್ನು ಸರಿಯಾಗಿ ತೂರಲಾರದು. ಅಂಧನನ್ನು ಆಸ್ಪತ್ರೆಯ ಬಾಗಿಲವರೆಗೆ ತಂದು ಅದು ಕೈಬಿಡುತ್ತದೆ.

ಬಾಗಿಲಿನಿಂದ ಒಳಗಿನ ದಾರಿಗೆ ಮೊಬೈಲ್ ಫೋನೂ ಬ್ಲೂಟೂತ್ ಬೀಕನ್ನುಗಳೂ ನೆರವಾದುವು. ಗೋಡೆಗೆ ಅಂಟಿಸಿದ ಬೀಕನ್ ತನ್ನ ಗುರುತನ್ನು ಬಿತ್ತರಿಸುತ್ತದೆ. ಫೋನು ಆ ಸಂಕೇತಗಳ ಬಲವನ್ನು ಅಳೆದು ತಾನಿರುವ ಸ್ಥಳವನ್ನು ನಿರ್ಣಯಿಸುತ್ತದೆ. ೨೦೧೫ರಲ್ಲಿ ಲಂಡನ್ನಿನ ಪಿಮ್ಲಿಕೋ ಭೂಗತ ನಿಲ್ದಾಣದಲ್ಲಿ ‘ವೇಫೈಂಡರ್’ ಪ್ರಯೋಗ ನಡೆಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಜಪಾನೀ ವಿಜ್ಞಾನಿ ಚಿಯೆಕೋ ಅಸಕಾವಾ, ಐಬಿಎಂ ಮತ್ತು ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯಗಳ ಸಹಯೋಗದಲ್ಲಿ ‘ನ್ಯಾವ್‌ಕಾಗ್’ ಎಂಬ ವ್ಯವಸ್ಥೆಯನ್ನು ಬೆಳೆಸಿದರು. ೨೦೧೭ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಇಂಥ ಶ್ರವ್ಯ ಮಾರ್ಗದರ್ಶನಕ್ಕೆ ಶಿಫಾರಸುಗಳನ್ನು ಅಂಗೀಕರಿಸಿತು. ಗ್ರಾಹಕದ ಸಮಸ್ಯೆ ಹೀಗೆ ಬಹುಮಟ್ಟಿಗೆ ಪರಿಹಾರವಾಯಿತು. ಏಕೆಂದರೆ ಫೋನು ಈಗಾಗಲೇ ಹಲವರ ಕೈಯಲ್ಲಿದೆ. ಆದರೆ ಬೀಕನ್ನುಗಳ ಬ್ಯಾಟರಿಯನ್ನು ಬದಲಿಸುವವರು, ಗೋಡೆ ಕೆಡವಿದಾಗ ನಕ್ಷೆಯನ್ನು ತಿದ್ದುವವರು ಯಾರು? ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಮರಳಿ ಬಂದಿದೆ.

೪. ನಮ್ಮ ದೇಶ

ಭಾರತದಲ್ಲಿ ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸಿತು. ಆದರೆ ಅದರ ಕೆಳಗೆ ರಚಿತವಾದ ೨೦೧೭ರ ನಿಯಮಗಳ ೧೫ನೆಯ ನಿಯಮವು ಸೂಚಿಸಿದ ಮಾರ್ಗದರ್ಶಿಗಳು ಸಲಹೆಯ ಸ್ವರೂಪದವಾಗಿದ್ದುವು. ರಾಜೀವ್ ರಾತುರಿ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೨೪ನೆಯ ನವೆಂಬರ್ ೮ರಂದು ಆ ನಿಯಮವು ಅಧಿನಿಯಮಕ್ಕೆ ವಿರುದ್ಧವೆಂದು ತೀರ್ಮಾನಿಸಿ, ಕಡ್ಡಾಯವಾದ ಮಾನಕಗಳನ್ನು ಮೂರು ತಿಂಗಳೊಳಗೆ ರೂಪಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಜಪಾನಿನ ನ್ಯಾಯಾಲಯವು ೧೯೮೬ರಲ್ಲಿ ರೂಢಿಯನ್ನು ಅಳತೆಗೋಲಾಗಿ ಹಿಡಿದಿತ್ತು. ನಮ್ಮದು ಹಕ್ಕನ್ನು ಅಳತೆಗೋಲಾಗಿ ಹಿಡಿಯಿತು. ಎರಡು ತೀರ್ಪುಗಳ ನಡುವಣ ಅಂತರವು ಈ ಚರಿತ್ರೆಯ ನಿಜವಾದ ಮುನ್ನಡೆಯನ್ನು ಸೂಚಿಸುತ್ತದೆ.

ಇದುವರೆಗಿನ ವಿವೇಚನೆಯಿಂದ ಫಲಿಸುವುದಿಷ್ಟು: ಊರಿ ನಿಂತ ಸಾಧನ ಅತ್ಯಂತ ಚತುರವಾದುದಲ್ಲ, ಯಾರಾದರೊಬ್ಬರು ಹೊಣೆ ಹೊತ್ತ ಸಾಧನ. ಕೋಲು ನಿಂತಿತು, ಏಕೆಂದರೆ ಅದರ ಹೊಣೆಯನ್ನು ಅಂಧನೇ ಹೊತ್ತನು. ಚಪ್ಪಡಿ ನಿಂತಿತು, ಏಕೆಂದರೆ ಅದರ ಹೊಣೆಯನ್ನು ಶಾಸನವು ಕಟ್ಟಡದ ಒಡೆಯನ ಮೇಲಿರಿಸಿತು. ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮದೇ ಗ್ರಂಥಾಲಯದ ಬಾಗಿಲಿನಿಂದ ಪುಸ್ತಕದ ಕಪಾಟಿನವರೆಗಿನ ದಾರಿಯನ್ನು ಈ ದೃಷ್ಟಿಯಿಂದ ಒಮ್ಮೆ ಪರೀಕ್ಷಿಸಿ ದಾಖಲಿಸಿದರೆ, ಈ ವಿಷಯದಲ್ಲಿ ನಡೆಯಬೇಕಾದ ಸಂಶೋಧನೆಗೆ ಅದು ಒಳ್ಳೆಯ ಆರಂಭವಾದೀತು.