ತವರಿಗೆ ಬಾರದ ಬಸಿರು: ಹಾಲೇರಿ ಅರಸುಮನೆತನದ ಒಂದು ಪ್ರಸಂಗ

ಕೊಡಗಿನ ಇತಿಹಾಸದಲ್ಲಿ ಸಮುದ್ರಯಾನದ ಪ್ರಸ್ತಾಪ ಬಂದೊಡನೆ ವಾಚಕರಿಗೆ ನೆನಪಾಗುವುದು ೧೮೫೨ನೆಯ ಇಸವಿ. ಪದಚ್ಯುತನಾದ ಚಿಕ್ಕ ವೀರರಾಜೇಂದ್ರನು ತನ್ನ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ತೆರಳಿದ್ದು ಆ ವರ್ಷ. ಇತಿಹಾಸಕಾರರು ಈ ಪ್ರಯಾಣವನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ವಿವೇಚಿಸಿದ್ದಾರೆ. ಕಂಪೆನಿಯ ಬಳಿ ಇದ್ದ ಹಣಕ್ಕಾಗಿ ಅರಸನು ಹೂಡಿದ ವ್ಯಾಜ್ಯ ಒಂದು. ವಿಕ್ಟೋರಿಯಾ ರಾಣಿಯು ಧರ್ಮಮಾತೆಯಾಗಿ ನಿಂತು ನಡೆಯಿಸಿದ ಗೌರಮ್ಮನ ಮತಾಂತರ ಇನ್ನೊಂದು. ಇವೆರಡರ ನಡುವೆ ಮರೆಯಾಗಿ ಉಳಿದಿರುವ ಮೂರನೆಯ ಸಂಗತಿಯೊಂದುಂಟು. ಅದು ೧೮೬೧ರಲ್ಲಿ ಇಂಗ್ಲೆಂಡಿನಲ್ಲಿ ಆದ ಒಂದು ಹೆರಿಗೆ. ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವುದು ಅದನ್ನೇ.

ಗೌರಮ್ಮನು ಕಡಲು ದಾಟಿದಾಗ ಹನ್ನೊಂದರ ಆಸುಪಾಸಿನ ಬಾಲಕಿ; ಬಸುರಿಯಾಗಿ ಕಡಲು ದಾಟಿದವಳಲ್ಲ. ಹಾಗಿದ್ದರೂ ಗರ್ಭಿಣಿಯ ವಿದೇಶಪ್ರಯಾಣವೆಂಬ ವಿಷಯಕ್ಕೆ ಅವಳ ಬಾಳು ನೇರವಾಗಿ ಸಂಬಂಧಿಸಿದ್ದೆಂದು ನಾವು ಭಾವಿಸುತ್ತೇವೆ. ನಮ್ಮ ನಾಡಿನಲ್ಲಿ ಗರ್ಭಿಣಿಯ ಪ್ರಯಾಣವೆಂದರೆ ಮೊದಲಿನಿಂದಲೂ ಒಂದೇ ದಿಕ್ಕಿನ ಪ್ರಯಾಣ. ಚೊಚ್ಚಲು ಬಸುರಿಯು ಗಂಡನ ಮನೆಯಿಂದ ತವರಿಗೆ ಹೋಗುತ್ತಾಳೆ. ಹೆರಿಗೆಯೂ ಬಾಣಂತನವೂ ತಾಯಿಯ ಕೈಯಲ್ಲಿ ನಡೆಯುತ್ತವೆ. ಗಾಡಿಯಲ್ಲಾಗಲಿ ಮೇನೆಯಲ್ಲಾಗಲಿ ಆ ಹಾದಿಯನ್ನು ಸವೆಯಿಸದ ಮನೆತನ ವಿರಳ. ೧೮೬೧ರಲ್ಲಿ ಲಂಡನ್ನಿನಿಂದ ಕೊಡಗಿಗೆ ಅಂಥ ಒಂದು ಪ್ರಯಾಣ ಏಕೆ ನಡೆಯಲಿಲ್ಲ ಎಂಬುದು ನಮ್ಮ ಪ್ರಶ್ನೆ.

ಶಾಸ್ತ್ರವು ಕಡಲನ್ನು ನಿಷೇಧಿಸಿದ್ದರಿಂದ ಎಂಬ ಉತ್ತರ ಸುಲಭವಾದುದು, ಆದರೆ ಇಲ್ಲಿಗೆ ಒಪ್ಪುವುದಿಲ್ಲ. ಧರ್ಮಶಾಸ್ತ್ರದ ನಿಬಂಧಗಳಲ್ಲಿ ಗರ್ಭಿಣಿಗೆ ಮಾತ್ರವಲ್ಲದೆ ಅವಳ ಗಂಡನಿಗೂ ಕಟ್ಟುಪಾಡುಂಟೆಂಬುದು ಕುತೂಹಲಕರ: ಅವನು ಸಮುದ್ರಸ್ನಾನ ಮಾಡಬಾರದು, ಮರ ಕಡಿಯಬಾರದು, ಹೆಣ ಹೊರಬಾರದು, ಪರದೇಶಕ್ಕೆ ಹೋಗಬಾರದು. ಆದರೆ ಹಾಲೇರಿಯ ಅರಸರು ವೀರಶೈವರು. ಜನನದ ಸೂತಕವೂ ಸೇರಿದಂತೆ ಪಂಚಸೂತಕಗಳನ್ನು ಆ ಮತ ಅಂಗೀಕರಿಸುವುದಿಲ್ಲ. ಎಂಟನೆಯ ತಿಂಗಳಿನಲ್ಲಿ ಗರ್ಭಸ್ಥ ಶಿಶುವಿಗೇ ಲಿಂಗಧಾರಣೆ ಮಾಡುವ ಪದ್ಧತಿ ಅವರದು. ಇಂಥ ಮನೆತನದಲ್ಲಿ ಹುಟ್ಟಿದವಳಿಗೆ, ಅದರಲ್ಲೂ ಕ್ರೈಸ್ತಳಾಗಿ ಬೆಳೆದವಳಿಗೆ, ನಿಬಂಧಕಾರರ ವಿಧಿನಿಷೇಧಗಳು ಅಡ್ಡಿಯಾದವೆನ್ನಲು ಆಧಾರವಿಲ್ಲ.

ಹಾದಿಯ ಕಷ್ಟವೇ ಕಾರಣವೆನ್ನೋಣವೇ? ಗುಡ್‌ಹೋಪ್ ಭೂಶಿರವನ್ನು ಸುತ್ತಿ ಬರುತ್ತಿದ್ದ ಹಾಯಿಹಡಗಿನ ಕಾಲದಲ್ಲಿ ಇಂಗ್ಲೆಂಡಿನಿಂದ ನಮ್ಮ ಕರಾವಳಿಗೆ ನಾಲ್ಕೈದು ತಿಂಗಳು ಹಿಡಿಯುತ್ತಿತ್ತು. ಬಸಿರಿನ ಅರ್ಧಕಾಲ ನೀರಿನ ಮೇಲೆಯೇ ಕಳೆಯಬೇಕಾಗಿದ್ದ ಕಾಲವದು. ೧೮೬೧ರ ಹೊತ್ತಿಗೆ ಪರಿಸ್ಥಿತಿ ಬೇರೆಯಾಗಿತ್ತು. ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ, ಅದು ತೆರೆದದ್ದು ೧೮೬೯ರಲ್ಲಿ; ಆದರೆ ಅಲೆಕ್ಸಾಂಡ್ರಿಯದಿಂದ ಕೈರೋ ಮಾರ್ಗವಾಗಿ ಸೂಯೆಜ್‌ವರೆಗೆ ರೈಲುದಾರಿ ೧೮೫೮ಕ್ಕೇ ಮುಗಿದಿತ್ತು. ಎರಡು ಕಡಲುಗಳಲ್ಲಿಯೂ ಉಗಿಹಡಗುಗಳು ಓಡಾಡುತ್ತಿದ್ದವು. ಕರಾವಳಿಯನ್ನು ಮುಟ್ಟಿದ ಮೇಲೆ ಮಂಗಳೂರಿನಿಂದ ಸಂಪಾಜೆ ಘಟ್ಟ ಹತ್ತಿ ಮಡಿಕೇರಿಗೆ ಬರಬಹುದಾಗಿತ್ತು. ತಲಚೇರಿ, ಕಣ್ಣಾನೂರುಗಳ ಕಡೆಯಿಂದ ಪೆರುಂಬಾಡಿ ಘಟ್ಟದ ಮೂಲಕ ವೀರರಾಜಪೇಟೆಗೂ ಹಾದಿಯಿತ್ತು. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಚಿಕ್ಕ ಬಂದರುಗಳು ಮುಚ್ಚುತ್ತಿದ್ದುವಾದ್ದರಿಂದ ತಿಂಗಳ ಲೆಕ್ಕ ಹಾಕಿಯೇ ಹೊರಡಬೇಕಾಗಿತ್ತು, ನಿಜ. ಆದರೂ ಪ್ರಯಾಣ ಅಸಾಧ್ಯವಾಗಿರಲಿಲ್ಲ. ಕಾಫಿತೋಟದ ದೊರೆಗಳ ಹೆಂಡಂದಿರೂ ಬಾಸೆಲ್ ಮಿಷನ್ನಿನ ಪಾದ್ರಿಗಳ ಹೆಂಡಂದಿರೂ ಈ ದಾರಿಗಳಲ್ಲಿ ಓಡಾಡುತ್ತಿದ್ದ ಕಾಲವದು. ಪಾದ್ರಿ ಹೆರ್ಮನ್ ಮೋಗ್ಲಿಂಗ್ ೧೮೫೩ರಲ್ಲಿ ಕೊಡಗಿಗೆ ಬಂದು ನೆಲಸಿ, ೧೮೬೦ರಲ್ಲಿ ಹೆಂಡತಿಯ ಅನಾರೋಗ್ಯದ ನಿಮಿತ್ತ ಯುರೋಪಿಗೆ ಹಿಂದಿರುಗಿದನು. ಕಾಯಿಲೆಯ ಹೆಂಗಸು ಕೊಡಗಿನಿಂದ ತನ್ನ ದೇಶಕ್ಕೆ ಹೋಗಬಹುದಾದರೆ, ಬಸುರಿಯೊಬ್ಬಳು ಅದೇ ದಾರಿಯಲ್ಲಿ ಕೊಡಗಿಗೆ ಬರಬಹುದಾಗಿತ್ತೆಂಬುದು ಸ್ಪಷ್ಟ.

ಹಾದಿ ಇತ್ತು, ಮನೆ ಇರಲಿಲ್ಲ. ಇದೇ ಈ ಪ್ರಸಂಗದ ತಿರುಳೆಂದು ನಮಗೆ ತೋರುತ್ತದೆ. ಮನೆ ಹೇಗೆ ಹೋಯಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಾಲೇರಿಯವರು ತಮ್ಮ ನೆಲವನ್ನು ಕಳೆದುಕೊಂಡದ್ದು ೧೮೩೪ರಲ್ಲೇ ಮೊದಲಲ್ಲ. ೧೭೮೨ರಲ್ಲಿ ಹೈದರಾಲಿಯು ಅರಸುಮಕ್ಕಳನ್ನು ಗೊರೂರಿಗೆ ಸಾಗಿಸಿದ್ದನು. ತರುವಾಯ ಅವರನ್ನು ಪಿರಿಯಾಪಟ್ಟಣದಲ್ಲಿ ಸೆರೆಯಿಟ್ಟಿದ್ದಿತು. ದೊಡ್ಡ ವೀರರಾಜೇಂದ್ರನು ೧೭೮೮ರಲ್ಲಿ ಅಲ್ಲಿಂದ ಪಾರಾಗಿ ಬಂದು ರಾಜ್ಯವನ್ನು ಮರಳಿ ಗಳಿಸಿದನು. ಆ ಸೆರೆಗೆ ಕೊನೆಯಿತ್ತು, ಹಿಂದಿರುಗಲು ನಾಡಿತ್ತು. ಈ ಅರಸನಿಗೆ ಗಂಡುಸಂತಾನವಾಗದೆ, ತನ್ನ ತರುವಾಯ ಮಗಳು ದೇವಮ್ಮಾಜಿಗೇ ಪಟ್ಟವಾಗಬೇಕೆಂದು ಕಂಪೆನಿಯೊಡನೆ ವ್ಯವಹರಿಸಿದನೆಂಬುದು ಪ್ರಸಿದ್ಧ. ೧೮೦೯ರಲ್ಲಿ ಅವನು ತೀರಿಕೊಂಡನು. ೧೮೧೧ರಲ್ಲಿ ತಮ್ಮನಾದ ಲಿಂಗರಾಜೇಂದ್ರನು ತಾನೇ ಅರಸನಾದನು. ಅರಮನೆಯಲ್ಲಿ ಹೆರಿಗೆಯೆಂಬುದು ಎಂದೂ ಕೇವಲ ಹೆಂಗಸರ ಕೋಣೆಯ ಸಮಾಚಾರವಾಗಿರಲಿಲ್ಲ. ಹುಟ್ಟಿದ್ದು ಹೆಣ್ಣೋ ಗಂಡೋ ಎಂಬುದರ ಮೇಲೆ ಒಡಂಬಡಿಕೆಗಳೇ ನಿಂತಿದ್ದವು.

ಎರಡನೆಯ ಸಲ ಮಾತ್ರ ನೆಲ ಮರಳಿ ಬರಲಿಲ್ಲ. ೧೮೩೪ರ ಏಪ್ರಿಲ್ ತಿಂಗಳಿನಲ್ಲಿ ಕಂಪೆನಿಯ ಸೇನೆ ಮಡಿಕೇರಿಯನ್ನು ಹೊಕ್ಕಿತು. ನಾಲ್ಕುನಾಡಿನ ಅರಮನೆಯಲ್ಲಿದ್ದ ಚಿಕ್ಕ ವೀರರಾಜೇಂದ್ರನು ಶರಣಾಗತನಾದನು. ಮೇ ೭ರ ಘೋಷಣೆಯಿಂದ ಕೊಡಗು ಕಂಪೆನಿಗೆ ಸೇರಿತು. ಅರಸನನ್ನು ರಾಣಿವಾಸದೊಡನೆ ಮೊದಲು ವೇಲೂರಿಗೂ ಆಮೇಲೆ ಕಾಶಿಗೂ ಕಳುಹಿಸಲಾಯಿತು. ರಾಣಿಯರ ತವರುಗಳೆಲ್ಲ ಘಟ್ಟದ ಸೀಮೆಯಲ್ಲಿ ಉಳಿದವು. ಅವರು ಗಂಗೆಯ ದಡದಲ್ಲಿ ಹೆತ್ತರು. ೧೮೪೧ರಲ್ಲಿ ಗೌರಮ್ಮ ಹುಟ್ಟಿದ್ದು ಕಾಶಿಯಲ್ಲಿ. ಆದಕಾರಣ ಕೊಡಗಿನ ರಾಜಕುಮಾರಿಯೆಂದು ಇಂಗ್ಲೆಂಡಿನಲ್ಲೆಲ್ಲ ಹೆಸರಾದ ಈಕೆ ಕೊಡಗಿನಲ್ಲಿ ಹುಟ್ಟಿದವಳೇ ಅಲ್ಲ. ಅವಳ ಅಕ್ಕಂದಿರಲ್ಲೊಬ್ಬಳನ್ನು ನೇಪಾಳದ ಜಂಗ್ ಬಹಾದೂರನು ಕಾಶಿಯಲ್ಲಿ ವರಿಸಿದನು. ಅವನೂ ೧೮೫೦ರಲ್ಲಿ ಇಂಗ್ಲೆಂಡಿಗೆ ಹೋಗಿಬಂದವನೇ. ಹೀಗೆ ಒಬ್ಬ ಮಗಳು ಹಿಮಾಲಯದ ಕಡೆಗೂ ಇನ್ನೊಬ್ಬಳು ಕಡಲಾಚೆಗೂ ಹಂಚಿಹೋದರು.

ಇಂಗ್ಲೆಂಡಿನಲ್ಲಿ ಗೌರಮ್ಮನನ್ನು ತಂದೆಯಿಂದ ಬೇರ್ಪಡಿಸಿ ಬೆಳೆಸಲಾಯಿತು. ಪಂಜಾಬಿನ ಮಹಾರಾಜ ದುಲೀಪಸಿಂಹನೊಡನೆ ಅವಳ ಮದುವೆಯಾಗಲೆಂದು ವಿಕ್ಟೋರಿಯಾ ರಾಣಿ ಬಯಸಿದ್ದಳು; ಅದು ಕೂಡಿಬರಲಿಲ್ಲ. ತಂದೆ ೧೮೫೯ರಲ್ಲಿ ಲಂಡನ್ನಿನಲ್ಲಿಯೇ ಕಾಲವಾದನು. ಮರುವರ್ಷ ಅವಳು ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನನ್ನು ಮದುವೆಯಾದಳು. ೧೮೬೧ರಲ್ಲಿ ಹೆಣ್ಣುಮಗುವಾಯಿತು. ಬಸುರಿಯಾಗಿದ್ದಾಗ ಅವಳ ಸ್ಥಿತಿ ಏನಿತ್ತೆಂಬುದನ್ನು ಈ ಇಸವಿಗಳೇ ಹೇಳುತ್ತವೆ. ತಂದೆ ತೀರಿಕೊಂಡು ಎರಡು ವರ್ಷವೂ ತುಂಬಿರಲಿಲ್ಲ. ಲಿಂಗರಾಜೇಂದ್ರನು ಕಟ್ಟಿಸಿದ ಮಡಿಕೇರಿಯ ಅರಮನೆ ಇಪ್ಪತ್ತೇಳು ವರ್ಷಗಳಿಂದ ಸರ್ಕಾರದ ವಶದಲ್ಲಿತ್ತು. ಕಂಪೆನಿಯ ಮೇಲಿನ ವ್ಯಾಜ್ಯವೂ ಕೈಗೂಡಲಿಲ್ಲ. ಅವಳನ್ನು ಹೆರಿಗೆಗೆ ಕರೆಯಲು ಬರುವವರಾಗಲಿ, ಕರೆದೊಯ್ದು ಇಳಿಸುವ ಬಾಗಿಲಾಗಲಿ ಇರಲಿಲ್ಲ. ಮಗುವಿಗೆ ಇಟ್ಟ ಹೆಸರು ಎಡಿತ್ ವಿಕ್ಟೋರಿಯಾ ಗೌರಮ್ಮ. ಕನ್ನಡದ್ದೆಂದು ಆ ಕೂಸಿಗೆ ಸಂದದ್ದು ಈ ಕಡೆಯ ಪದ. ಮಗುವಿಗೆ ಮೂರು ತುಂಬುವ ಮೊದಲೇ, ೧೮೬೪ರಲ್ಲಿ, ತಾಯಿಯೂ ತೀರಿಕೊಂಡಳು. ಅವಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಶ್ಮಶಾನದಲ್ಲಿದೆ.

ಇಂದಿನ ಸಂಗತಿಯನ್ನು ಇದರೊಡನೆ ಹೋಲಿಸಿ ನೋಡುವುದು ಅಪ್ರಕೃತವಾಗಲಾರದು. ಈಗ ವಿಮಾನದಲ್ಲಿ ಖಂಡಾಂತರಕ್ಕೆ ಹೋಗಲು ಒಂದು ದಿನ ಸಾಕು. ಬಸಿರಿನ ನಡುವಣ ತಿಂಗಳುಗಳು ಪ್ರಯಾಣಕ್ಕೆ ಹೆಚ್ಚು ಅನುಕೂಲವೆಂದು ವೈದ್ಯರು ಹೇಳುತ್ತಾರೆ. ಬಹಳ ಹೊತ್ತು ಕುಳಿತೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿರುವುದರಿಂದ ಆಗಾಗ ಎದ್ದು ನಡೆದಾಡಬೇಕೆನ್ನುತ್ತಾರೆ. ಏಳನೆಯ ತಿಂಗಳು ಕಳೆದವರಿಂದ ಅನೇಕ ವಿಮಾನಸಂಸ್ಥೆಗಳು ವೈದ್ಯರ ಪತ್ರ ಕೇಳುತ್ತವೆ, ಮೂವತ್ತಾರು ವಾರ ದಾಟಿದವರನ್ನು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಹಾದಿ ಇಷ್ಟು ಸುಗಮವಾದ ಮೇಲೂ ವಿದೇಶದಲ್ಲಿ ನೆಲಸಿದ ನಮ್ಮ ಹೆಣ್ಣುಮಕ್ಕಳಲ್ಲಿ ಬಹುಮಂದಿ ಹೆರಿಗೆಗೆ ಊರಿಗೆ ಬರುವುದಿಲ್ಲ. ಗಂಡಹೆಂಡಿರ ಕೆಲಸ, ಅಲ್ಲಿಯ ಆಸ್ಪತ್ರೆಯ ಏರ್ಪಾಡು, ಹುಟ್ಟುವ ಕೂಸಿನ ಪೌರತ್ವ ಇವೆಲ್ಲ ಅವರನ್ನು ಅಲ್ಲಿಯೇ ಹಿಡಿದಿಡುತ್ತವೆ. ಬದಲಿಗೆ ತಾಯಿಯೇ ಹೊರಡುತ್ತಾಳೆ. ಸಂದರ್ಶಕರ ವೀಸಾ ಪಡೆದು, ಬಾಣಂತಿಯ ಕಷಾಯಕ್ಕೆ ಬೇಕಾದ ಒಣಶುಂಠಿ, ಮೆಣಸು, ಓಮಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು, ಆರು ತಿಂಗಳಿನೊಳಗೆ ಹಿಂದಿರುಗುವ ಚೀಟಿಯೊಡನೆ ವಿಮಾನ ಹತ್ತುತ್ತಾಳೆ. ಇದು ಪ್ರಯಾಣದ ದಿಕ್ಕು ತಿರುಗಿದುದರ ಲಕ್ಷಣ. ಆದರೆ ಊರಿನಲ್ಲಿ ಮನೆಯೊಂದು ಉಳಿದಿರುವುದರಿಂದಲೇ ಆ ತಾಯಿ ಹೊರಡಬಲ್ಲಳು. ೧೮೬೧ರಲ್ಲಿ ಗೌರಮ್ಮನಿಗೆ ಒದಗದೆ ಹೋದದ್ದು ಅದು.